ಕ್ರೂಸ್ ಹಡಗು ಹತ್ತಿದ ಮೇಲೆ ಮೊದಲ ಕೆಲವು ಗಂಟೆ: ಯಾವ ಕೆಲಸ ಮುಂಚೆ, ಯಾವುದು ಆಮೇಲೆ

ಕ್ರೂಸ್ ಹಡಗು ಹತ್ತಿದ ಹೆಚ್ಚಿನವರು ಮೊದಲು ಹುಡುಕುವುದು ಬಫೆಯನ್ನು. ಬಂದರಿನ ಸಾಲುಗಳಲ್ಲಿ ನಿಂತು ಕಾಲು ಸೋತಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಕ್ಯಾಬಿನ್ ಇನ್ನೂ ಸಿದ್ಧವಾಗಿರುವುದಿಲ್ಲ. ಹೀಗೆ ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಡೆಕ್ಕಿಗೆ ನುಗ್ಗುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಮಸ್ಟರ್ ಸ್ಟೇಷನ್ (ಆಪತ್ತಿನಲ್ಲಿ ಸೇರಬೇಕಾದ ಜಾಗ) ಖಾಲಿ ಇರುತ್ತದೆ, ಊಟದ ಮೇಜು ಕಾದಿರಿಸುವ ಕೌಂಟರಿನಲ್ಲಿ ಇಬ್ಬರು ಮೂವರು ಮಾತ್ರ ಇರುತ್ತಾರೆ, ಲಿಫ್ಟ್ ಕರೆದ ಕೂಡಲೇ ಬರುತ್ತದೆ. ಎರಡು ಗಂಟೆ ಕಳೆದರೆ ಎಲ್ಲವೂ ತಿರುಗುಮುರುಗು.

ಮೊದಲ ದಿನದ ಕೆಲಸಗಳನ್ನು ಜೋಡಿಸಿಕೊಳ್ಳಲು ಎರಡು ಪ್ರಶ್ನೆ ಸಾಕು. ಯಾವುದನ್ನು ಮಾಡದಿದ್ದರೆ ಹಡಗಿನವರು ಸುಮ್ಮನೆ ಬಿಡುವುದಿಲ್ಲ? ಯಾವುದು ತಡ ಮಾಡಿದರೆ ಖಾಲಿಯಾಗಿಬಿಡುತ್ತದೆ? ಇವೆರಡೂ ಮೊದಲು. ಮಿಕ್ಕದ್ದಕ್ಕೆಲ್ಲ ಸಂಜೆ ಇದೆ, ನಾಳೆಯೂ ಇದೆ.

ಕಂಪನಿಯಿಂದ ಕಂಪನಿಗೆ ವೇಳೆ ಬದಲಾಗುತ್ತದೆ. ಆದರೆ ಸಾಮಾನ್ಯ ಲೆಕ್ಕ ಹೀಗಿದೆ: ಬೆಳಿಗ್ಗೆ 11ರಿಂದ 12ರ ಹೊತ್ತಿಗೆ ಹತ್ತಿಸಿಕೊಳ್ಳಲು ಶುರು, ಮಧ್ಯಾಹ್ನ 1ರಿಂದ 2ರೊಳಗೆ ಕ್ಯಾಬಿನ್ ಸಿದ್ಧ, ಸಂಜೆ 4ರಿಂದ 5ಕ್ಕೆ ಹಡಗು ಹೊರಡುವುದು, ರಾತ್ರಿ 8ರ ಆಸುಪಾಸಿಗೆ ದೊಡ್ಡ ಪೆಟ್ಟಿಗೆಗಳು ಬಾಗಿಲಿಗೆ. ಈ ಗೆರೆಗಳ ನಡುವೆ ಕೆಲಸಗಳನ್ನು ಹೊಂದಿಸಬೇಕು.

ಕೈಚೀಲ: ಬಂದರಿಗೆ ಬರುವ ಮೊದಲೇ ತೀರ್ಮಾನವಾಗುವ ಸಂಗತಿ

ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಪೋರ್ಟರ್‌ಗಳ ಕೈಗೆ ಕೊಟ್ಟುಬಿಡುತ್ತೀರಿ. ಅವು ಎಕ್ಸ್‌ರೇ ದಾಟಿ, ಗಾಡಿ ಏರಿ, ಡೆಕ್ ಡೆಕ್ಕಿಗೆ ಹಂಚಿಕೆಯಾಗಿ ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಆರೇಳು ಗಂಟೆ ಆಗಬಹುದು. ಅಷ್ಟು ಹೊತ್ತು ಬೇಕಾಗುವುದೆಲ್ಲ ಭುಜದ ಚೀಲದಲ್ಲೇ ಇರಬೇಕು: ಪಾಸ್‌ಪೋರ್ಟ್ ಮತ್ತು ವೀಸಾ, ಹತ್ತುವ ಪತ್ರ (ಬೋರ್ಡಿಂಗ್ ಪಾಸ್), ದಿನವೂ ತೆಗೆದುಕೊಳ್ಳುವ ಔಷಧಿಗಳು, ವಿಮಾ ಪತ್ರದ ಪ್ರತಿ, ಒಡವೆ ಮತ್ತು ನಗದು, ಫೋನ್ ಚಾರ್ಜರ್, ಕನ್ನಡಕ, ಈಜುಡುಗೆ, ಒಂದು ಜೊತೆ ಬಟ್ಟೆ. ಔಷಧಿಯನ್ನು ಪೆಟ್ಟಿಗೆಗೆ ಹಾಕಿ ಕೊಟ್ಟುಬಿಡುವುದು ಮೊದಲ ದಿನ ಅತಿ ಹೆಚ್ಚು ಕಷ್ಟ ಕೊಡುವ ತಪ್ಪು. ಮಧ್ಯಾಹ್ನದ ಇನ್ಸುಲಿನ್ ಆರು ಡೆಕ್ ಕೆಳಗಿನ ಗಾಡಿಯೊಂದರಲ್ಲಿ ಸಿಕ್ಕಿಹಾಕಿಕೊಂಡರೆ ಯಾರಿಂದಲೂ ತಕ್ಷಣ ತೆಗೆಸಿಕೊಡಲು ಆಗುವುದಿಲ್ಲ.

ಪೆಟ್ಟಿಗೆಯ ಹೊರಗೆ ಕಟ್ಟಿದ ಕಾಗದದ ಚೀಟಿ ಹರಿದುಹೋಗುವುದುಂಟು. ಹೆಸರು, ಹಡಗಿನ ಹೆಸರು, ಕ್ಯಾಬಿನ್ ಸಂಖ್ಯೆ ಬರೆದ ಇನ್ನೊಂದು ಚೀಟಿಯನ್ನು ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲೆ ಇಡಿ. ಪೆಟ್ಟಿಗೆಯ ಒಂದು ಫೋಟೊ ಫೋನಿನಲ್ಲಿರಲಿ.

ಮೊದಲ ಹತ್ತು ನಿಮಿಷ: ಕಾರ್ಡ್, ಫೋನ್, ಕೈ

ಬಂದರಿನಲ್ಲಿ ಅಥವಾ ಕ್ಯಾಬಿನ್ ಬಾಗಿಲಲ್ಲಿ ನಿಮಗೊಂದು ಪ್ಲಾಸ್ಟಿಕ್ ಕಾರ್ಡ್ ಸಿಗುತ್ತದೆ. ಕೆಲವು ಕಂಪನಿಗಳು ಮಣಿಕಟ್ಟಿನ ಪಟ್ಟಿ ಅಥವಾ ಪದಕದಂಥ ಬಿಲ್ಲೆ ಕೊಡುತ್ತವೆ. ಕ್ಯಾಬಿನ್ ಕೀಲಿಕೈ, ಹಣ ಕೊಡುವ ಸಾಧನ, ಹಡಗು ಇಳಿದು ಹತ್ತುವಾಗಿನ ಗುರುತಿನ ಚೀಟಿ, ಮೂರೂ ಇದೇ. ಅದರ ಮೇಲಿನ ನಿಮ್ಮ ಹೆಸರು, ಮಸ್ಟರ್ ಸ್ಟೇಷನ್ ಅಕ್ಷರ ಅಥವಾ ಸಂಖ್ಯೆ, ರಾತ್ರಿ ಊಟದ ವೇಳೆ ಸರಿಯಾಗಿವೆಯೇ ಎಂದು ನಿಂತಲ್ಲೇ ಓದಿ. ತಪ್ಪಿದ್ದರೆ ಈಗ ಐದು ನಿಮಿಷದಲ್ಲಿ ಸರಿಯಾಗುತ್ತದೆ. ಸಂಜೆ ಗೆಸ್ಟ್ ಸರ್ವಿಸಸ್ ಕೌಂಟರಿನ ಮುಂದಿನ ಸಾಲು ಬಹಳ ಉದ್ದವಾಗಿರುತ್ತದೆ.

ಹಡಗಿನೊಳಗೆ ಬಹುತೇಕ ಎಲ್ಲೂ ನಗದು ನಡೆಯುವುದಿಲ್ಲ. ಖರ್ಚೆಲ್ಲ ಕಾರ್ಡಿನ ಖಾತೆಗೆ ಬರೆದುಕೊಳ್ಳುತ್ತದೆ, ಆ ಖಾತೆಗೆ ನಿಮ್ಮ ಕ್ರೆಡಿಟ್ ಕಾರ್ಡನ್ನು ಜೋಡಿಸಬೇಕು. ಡೆಬಿಟ್ ಕಾರ್ಡ್ ಜೋಡಿಸುವವರು ಒಂದು ಮಾತು ತಿಳಿದಿರಬೇಕು. ಕಂಪನಿಯವರು ಅಂದಾಜು ಮೊತ್ತವೊಂದನ್ನು ಮುಂಗಡವಾಗಿ ತಡೆಹಿಡಿಯುತ್ತಾರೆ, ಖರ್ಚು ಬೆಳೆದಂತೆ ಮತ್ತೆ ಮತ್ತೆ ತಡೆಹಿಡಿಯಬಹುದು. ಪ್ರವಾಸ ಮುಗಿದ ಮೇಲೂ ಬ್ಯಾಂಕ್ ಅದನ್ನು ಬಿಡುಗಡೆ ಮಾಡಲು ಹಲವು ದಿನ ಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಮಿತಿ ಮಾತ್ರ ಕಡಿಮೆಯಾಗುತ್ತದೆ, ಡೆಬಿಟ್ ಕಾರ್ಡಿನಲ್ಲಿ ನಿಮ್ಮದೇ ದುಡ್ಡು ಕೈಗೆ ಸಿಗದಂತಾಗುತ್ತದೆ. ಕ್ರೆಡಿಟ್ ಕಾರ್ಡ್ ಇಲ್ಲದವರು ಕೌಂಟರಿನಲ್ಲಿ ನಗದು ಠೇವಣಿ ಇಡಬಹುದು.

ಇನ್ನು ಫೋನು. ಹಡಗು ಬಂದರು ಬಿಡುವ ಮುನ್ನವೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಒಂದನ್ನೇ ತೆರೆಯಿರಿ. ದಡದಿಂದ ದೂರ ಹೋದ ಮೇಲೆ ಹಡಗು ತನ್ನದೇ ಮೊಬೈಲ್ ಸಂಕೇತವನ್ನು ಉಪಗ್ರಹದ ಮೂಲಕ ಹೊರಡಿಸುತ್ತದೆ. ಫೋನು ನಿಮ್ಮನ್ನು ಕೇಳದೆಯೇ ಅದಕ್ಕೆ ಅಂಟಿಕೊಳ್ಳುತ್ತದೆ, ಹಿನ್ನೆಲೆಯಲ್ಲಿ ಆ್ಯಪ್‌ಗಳು ಡೇಟಾ ಎಳೆಯುತ್ತವೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಈ ಕಡಲ ಜಾಲಕ್ಕೆ ಹೆಚ್ಚಾಗಿ ಅನ್ವಯಿಸುವುದಿಲ್ಲ. ಪ್ರವಾಸ ಮುಗಿದು ಬಿಲ್ ಬಂದಾಗಲೇ ಹಲವರಿಗೆ ಇದು ಗೊತ್ತಾಗುವುದು. ಹಡಗಿನ ಆ್ಯಪ್ ಮಾತ್ರ ಇಂಟರ್‌ನೆಟ್ ಪ್ಯಾಕ್ ಕೊಳ್ಳದಿದ್ದರೂ ಹಡಗಿನ ವೈಫೈನಲ್ಲಿ ಸಾಮಾನ್ಯವಾಗಿ ಉಚಿತವಾಗಿ ನಡೆಯುತ್ತದೆ. ಅದನ್ನು ಮನೆಯಲ್ಲೇ ಇಳಿಸಿಕೊಂಡು ಬಂದಿರಿ.

ಏರ್‌ಪ್ಲೇನ್ ಮೋಡ್ ಹಾಕುವಾಗಲೇ ಗಡಿಯಾರದ ತಾನೇ ಬದಲಾಗುವ ಆಯ್ಕೆಯನ್ನೂ ನಿಲ್ಲಿಸಿ. ಹಡಗಿಗೆ ತನ್ನದೇ ವೇಳೆ ಇದೆ, ಅದು ಪ್ರತಿ ಬಂದರಿನ ವೇಳೆಯೊಂದಿಗೆ ಹೊಂದಲೇಬೇಕೆಂದಿಲ್ಲ. ದಡದಲ್ಲಿ ಫೋನು ಸ್ಥಳೀಯ ವೇಳೆಗೆ ಹಾರಿ, ನೀವು ಒಂದು ಗಂಟೆ ತಡವಾಗಿ ಬಂದರೆ ಹಡಗು ಕಾಯುವುದಿಲ್ಲ. ಸಾದಾ ಕೈಗಡಿಯಾರವನ್ನು ಹಡಗಿನ ವೇಳೆಗೆ ಹೊಂದಿಸಿಕೊಳ್ಳುವುದು ಎಲ್ಲಕ್ಕಿಂತ ಭದ್ರವಾದ ಉಪಾಯ.

ಕೊನೆಗೆ ಕೈ. ಎಲ್ಲ ಬಾಗಿಲಲ್ಲೂ ಸ್ಯಾನಿಟೈಜರ್ ಇರುತ್ತದೆ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವುದಕ್ಕೆ ಹೆಸರಾದ ನೊರೊವೈರಸ್ ಮೇಲೆ ಆಲ್ಕೊಹಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ನೀರಿನಲ್ಲಿ ತೊಳೆಯುವುದೇ ಸರಿ. ನೂರಾರು ಜನ ಮುಟ್ಟಿದ ಕೈಹಿಡಿ, ಲಿಫ್ಟ್ ಗುಂಡಿ, ಬಫೆಯ ಸೌಟು ಮುಟ್ಟಿದ ಮೇಲೆ ತಿನ್ನುವ ಮುನ್ನ ತೊಳೆಯಿರಿ.

ಮಸ್ಟರ್: ಊಟಕ್ಕಿಂತ ಮುಂಚೆ

ಆಪತ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗಕ್ಕೆ ಮಸ್ಟರ್ ಸ್ಟೇಷನ್ ಎಂದು ಹೆಸರು. ಅದು ಥಿಯೇಟರ್ ಇರಬಹುದು, ರೆಸ್ಟೋರೆಂಟ್ ಇರಬಹುದು, ಲೈಫ್‌ಬೋಟ್‌ಗಳ ಕೆಳಗಿನ ತೆರೆದ ಡೆಕ್ ಇರಬಹುದು. ಅಲ್ಲಿ ಏನು ಮಾಡಬೇಕೆಂದು ಕಲಿಸುವ ಮಸ್ಟರ್ ಅಭ್ಯಾಸವನ್ನು (ಡ್ರಿಲ್) ಮುಗಿಸದ ಪ್ರಯಾಣಿಕನನ್ನು ಹಡಗಿನಿಂದ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳಬೇಕೆಂದರೆ, ಈ ನಿಯಮದ ಹಿಂದೆ ಸಾವುಗಳಿವೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಅದೇ ಸಂಜೆ ಚಿವಿಟವೆಕಿಯಾ ಬಂದರಿನಲ್ಲಿ ಹತ್ತಿದ್ದ ಸುಮಾರು 700 ಪ್ರಯಾಣಿಕರಿಗೆ ಆ ಹೊತ್ತಿಗೆ ಮಸ್ಟರ್ ಅಭ್ಯಾಸವೇ ಆಗಿರಲಿಲ್ಲ. ಆಗಿನ ನಿಯಮದಂತೆ ಹತ್ತಿದ 24 ಗಂಟೆಯೊಳಗೆ ನಡೆಸಿದರೆ ಸಾಕಿತ್ತು. ಈ ದುರಂತದ ನಂತರ, ಕಡಲ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ತಿದ್ದುಪಡಿಯಾಯಿತು. 2015ರ ಜನವರಿ 1ರಿಂದ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅಭ್ಯಾಸ ಆಗಲೇಬೇಕು.

ಹಿಂದೆ ಎಲ್ಲರನ್ನೂ ಒಂದೇ ಹೊತ್ತಿಗೆ ಕರೆದು ಅರ್ಧ ಗಂಟೆ ನಿಲ್ಲಿಸುತ್ತಿದ್ದರು. ಕೋವಿಡ್ ನಂತರ ಹಲವು ಕಂಪನಿಗಳು ಇದನ್ನು ಎರಡು ಭಾಗ ಮಾಡಿವೆ. ಮೊದಲು ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್ ಟಿ.ವಿ.ಯಲ್ಲಿ ಸುರಕ್ಷತಾ ವಿಡಿಯೊ ನೋಡಬೇಕು. ನಂತರ ನಿಮ್ಮ ಸ್ಟೇಷನ್‌ಗೆ ಖುದ್ದಾಗಿ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಬೇಕು. ಎರಡರಲ್ಲಿ ಒಂದು ಮಾತ್ರ ಮಾಡಿದರೆ ಲೆಕ್ಕಕ್ಕಿಲ್ಲ. ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿರುವ ಹಡಗುಗಳೂ ಇವೆ. ಅಲ್ಲಿ ನಿಗದಿತ ವೇಳೆಗೆ ಎಲ್ಲರೂ ಸೇರಬೇಕು, ಅಂಗಡಿ, ಬಾರು, ಕೌಂಟರುಗಳೆಲ್ಲ ಅಷ್ಟು ಹೊತ್ತು ಮುಚ್ಚಿರುತ್ತವೆ.

ಹತ್ತಿದ ಕೂಡಲೇ ಹೋದರೆ ಸ್ಕ್ಯಾನ್ ಎರಡು ನಿಮಿಷದ ಕೆಲಸ. ಆದರೆ ಸ್ಕ್ಯಾನ್ ಆಯಿತೆಂದು ಹೊರಟುಬಿಡಬೇಡಿ. ಅಲ್ಲಿರುವ ಸಿಬ್ಬಂದಿಗೆ ಬಿಡುವಿರುತ್ತದೆ, ಕೇಳಬೇಕಾದ್ದನ್ನು ಕೇಳಿ.

1. ಆಪತ್ತಿನ ಸಂಕೇತವನ್ನು ನೆನಪಿಟ್ಟುಕೊಳ್ಳಿ: ಏಳು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಸದ್ದು, ಅದರ ಬೆನ್ನಿಗೇ ಒಂದು ಉದ್ದನೆಯ ಸದ್ದು. ಎಲ್ಲ ಹಡಗುಗಳಲ್ಲೂ ಇದೇ.
2. ಲೈಫ್ ಜಾಕೆಟ್ ಕ್ಯಾಬಿನ್‌ನಲ್ಲಿದೆಯೋ ಸ್ಟೇಷನ್‌ನಲ್ಲೇ ಕೊಡುತ್ತಾರೋ ಕೇಳಿ. ಹೊಸ ದೊಡ್ಡ ಹಡಗುಗಳಲ್ಲಿ ಸ್ಟೇಷನ್‌ನಲ್ಲೇ ಕೊಡುವುದು ಹೆಚ್ಚು. ಗೊತ್ತಿಲ್ಲದವರು ಇಲ್ಲದ ಜಾಕೆಟ್ಟಿಗಾಗಿ ಕ್ಯಾಬಿನ್ ಕಡೆ ಓಡುತ್ತಾರೆ.
3. ಮಕ್ಕಳ ಅಳತೆಯ ಜಾಕೆಟ್ ಯಾರು, ಎಲ್ಲಿ ಕೊಡುತ್ತಾರೆ? ಮಕ್ಕಳು ಅವರ ಕ್ಲಬ್ಬಿನಲ್ಲಿದ್ದಾಗ ಸೈರನ್ ಆದರೆ ನೀವು ಅಲ್ಲಿಗೆ ಹೋಗಬೇಕೋ, ಸಿಬ್ಬಂದಿಯೇ ಸ್ಟೇಷನ್‌ಗೆ ಕರೆತರುತ್ತಾರೋ? ಹೆಚ್ಚಿನ ಹಡಗುಗಳಲ್ಲಿ ಸಿಬ್ಬಂದಿಯೇ ಕರೆತರುತ್ತಾರೆ. ಇದನ್ನು ಈಗಲೇ ಖಚಿತ ಮಾಡಿಕೊಂಡರೆ ಆ ಹೊತ್ತಿನಲ್ಲಿ ಜನಪ್ರವಾಹಕ್ಕೆ ಎದುರಾಗಿ ಓಡುವುದು ತಪ್ಪುತ್ತದೆ.
4. ನಡೆಯಲು ಕಷ್ಟವಿರುವವರು, ಕಿವಿ ಕೇಳಿಸದವರು ನಿಮ್ಮ ಜೊತೆ ಇದ್ದರೆ ಅಲ್ಲೇ ಹೇಳಿ ಪಟ್ಟಿಗೆ ಬರೆಸಿ. ಆಪತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ, ಹಾಗಾಗಿ ಅವರನ್ನು ಕರೆತರಲು ಸಿಬ್ಬಂದಿಯನ್ನು ಮೊದಲೇ ನಿಗದಿ ಮಾಡುತ್ತಾರೆ.

ಆಮೇಲೆ ಸ್ಟೇಷನ್‌ನಿಂದ ನಿಮ್ಮ ಕ್ಯಾಬಿನ್ ಇರುವ ಡೆಕ್‌ವರೆಗೆ ಒಮ್ಮೆ ಮೆಟ್ಟಿಲಲ್ಲೇ ನಡೆಯಿರಿ. ಯಾವ ಮೆಟ್ಟಿಲು, ಎಷ್ಟು ಡೆಕ್ ಎಂಬುದನ್ನು ಕಾಲು ಕಲಿತಿರಬೇಕು. ವಿದ್ಯುತ್ ಹೋಗಿ ಕತ್ತಲಾದಾಗ ನಕಾಶೆ ಓದಲು ಆಗುವುದಿಲ್ಲ.

ಬೇಗ ಖಾಲಿಯಾಗುವ ಕಾದಿರಿಸುವಿಕೆ

ಟಿಕೆಟ್ ದರದಲ್ಲೇ ಸೇರಿದ ಮುಖ್ಯ ರೆಸ್ಟೋರೆಂಟಿನಲ್ಲಿ ಎಲ್ಲರಿಗೂ ಜಾಗವಿರುತ್ತದೆ. ಹೆಚ್ಚುವರಿ ಹಣ ಕೊಡುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಲ್ಲಿ ಮೇಜು ಕಡಿಮೆ. ಸಂಜೆ 7ರಿಂದ 8ರ ವೇಳೆ, ಅದರಲ್ಲೂ ದಿನವಿಡೀ ಕಡಲಲ್ಲೇ ಇರುವ ದಿನಗಳದ್ದು, ಮೊದಲು ತುಂಬುತ್ತದೆ. ಥಿಯೇಟರಿನ ಪ್ರದರ್ಶನ, ಐಸ್ ಶೋ, ಸ್ಪಾ, ದಡದ ಪ್ರವಾಸಗಳದ್ದೂ ಇದೇ ಕಥೆ. ಎಲ್ಲವನ್ನೂ ಮೊದಲೇ ಆ್ಯಪ್‌ನಲ್ಲಿ ಕಾದಿರಿಸುವುದು ಒಳ್ಳೆಯದು. ಆಗದಿದ್ದರೆ ಮಸ್ಟರ್ ಮುಗಿಸಿ ನೇರ ಇದಕ್ಕೇ ಕೂರಿ.

ಕಾದಿರಿಸುವ ಮುನ್ನ ಹಡಗಿನ ದಿನಚರಿ ನೋಡಿ, ಪ್ರತಿ ಬಂದರಿನಿಂದ ಹೊರಡುವ ವೇಳೆಯನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಸಂಜೆ 6ಕ್ಕೆ ದಡದ ಪ್ರವಾಸ ಮುಗಿಯುವ ದಿನ 6.30ಕ್ಕೆ ಊಟ ಕಾದಿರಿಸಿ, ಬೆವರಿದ ಬಟ್ಟೆಯಲ್ಲೇ ಓಡುವವರನ್ನು ಪ್ರತಿ ಹಡಗಿನಲ್ಲೂ ಕಾಣಬಹುದು. ಹಲವು ರೆಸ್ಟೋರೆಂಟ್‌ಗಳು ಕಾದಿರಿಸಿಯೂ ಬಾರದವರಿಗೆ ದಂಡ ಹಾಕುತ್ತವೆ.

ಪಾನೀಯದ ಪ್ಯಾಕೇಜ್, ಇಂಟರ್‌ನೆಟ್ ಪ್ಯಾಕೇಜ್ ಎರಡೂ ಮನೆಯಲ್ಲೇ ಕೊಂಡರೆ ಸಾಮಾನ್ಯವಾಗಿ ಅಗ್ಗ. ಹತ್ತಿದ ಮೇಲೆ ಕೊಳ್ಳುವುದಾದರೆ ಮೊದಲ ದಿನವೇ ತೀರ್ಮಾನಿಸಿ. ಒಂದೇ ಕ್ಯಾಬಿನ್ನಿನ ವಯಸ್ಕರೆಲ್ಲರೂ ಮದ್ಯದ ಪ್ಯಾಕೇಜ್ ಕೊಳ್ಳಬೇಕು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಒಬ್ಬರು ಮಾತ್ರ ಕುಡಿಯುವ ಮನೆಗೆ ಬಿಡಿ ಬಿಡಿಯಾಗಿ ಕೊಳ್ಳುವುದೇ ಲಾಭ. ಇಂಟರ್‌ನೆಟ್ ಪ್ಯಾಕೇಜಿನಲ್ಲಿ ಎಷ್ಟು ಸಾಧನ ಒಟ್ಟಿಗೆ ನಡೆಯುತ್ತವೆ ಎಂಬುದೊಂದೇ ಮುಖ್ಯ ಪ್ರಶ್ನೆ. ಒಂದೇ ಸಾಧನದ ಪ್ಯಾಕೇಜ್ ಕೊಂಡು, ಒಬ್ಬರ ನಂತರ ಒಬ್ಬರು ಲಾಗ್‌ಔಟ್ ಮಾಡಿ ಬಳಸಿದರೂ ನಡೆಯುತ್ತದೆ.

ಆಹಾರದ ಅಲರ್ಜಿ ಇದ್ದವರು, ಸಸ್ಯಾಹಾರಿಗಳು, ಗ್ಲುಟೆನ್ ಬಿಟ್ಟವರು ಈ ಹೊತ್ತಿನಲ್ಲೇ ಮುಖ್ಯ ರೆಸ್ಟೋರೆಂಟಿಗೆ ಹೋಗಿ ಹೆಡ್ ವೇಟರ್‌ನನ್ನು ಕಾಣಬೇಕು. ಟಿಕೆಟ್ ಕೊಳ್ಳುವಾಗ ಬರೆಸಿದ್ದರೂ ಹೇಳಿ. ಆ ಮಾಹಿತಿ ಅಡುಗೆಮನೆ ತಲುಪಿರುವುದು ಖಾತ್ರಿಯಾಗುತ್ತದೆ. ಮರುದಿನದ ಮೆನುವನ್ನು ಹಿಂದಿನ ರಾತ್ರಿಯೇ ತೋರಿಸಿ, ನಿಮಗೆ ಬೇಕಾದಂತೆ ಮಾಡಿಕೊಡುವ ವ್ಯವಸ್ಥೆ ಹೆಚ್ಚಿನ ಹಡಗುಗಳಲ್ಲಿದೆ. ಕೇಳದವರಿಗೆ ಅದು ಸಿಗುವುದಿಲ್ಲ.

ಮಕ್ಕಳ ಕ್ಲಬ್ಬಿಗೆ ಹೆಸರು ಬರೆಸುವುದೂ ಮೊದಲ ಮಧ್ಯಾಹ್ನದ ಕೆಲಸ. ಸಾಮಾನ್ಯವಾಗಿ 3 ವರ್ಷ ತುಂಬಿ, ಡೈಪರ್ ಬಿಟ್ಟ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮಗುವನ್ನು ಯಾರು ಬಂದು ಕರೆದೊಯ್ಯಬಹುದು, ಯಾವ ಔಷಧಿ, ಯಾವ ಅಲರ್ಜಿ, ಎಲ್ಲವನ್ನೂ ಅರ್ಜಿಯಲ್ಲಿ ತುಂಬಬೇಕು. ಅಪ್ಪ ಅಮ್ಮ ಇಬ್ಬರೂ ಜೊತೆಗೆ ಹೋದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಈಗ ಊಟ

ಬಫೆಯ ನೂಕುನುಗ್ಗಲು ಹೆಚ್ಚಾಗಿ 12ರಿಂದ 2ರವರೆಗೆ. ನೀವು ಮಸ್ಟರ್, ಕಾದಿರಿಸುವಿಕೆ ಮುಗಿಸಿ ಬರುವಷ್ಟರಲ್ಲಿ ಅದು ಇಳಿಯಲು ಶುರುವಾಗಿರುತ್ತದೆ. ಹತ್ತಿದ ದಿನ ಮಧ್ಯಾಹ್ನ ಮುಖ್ಯ ರೆಸ್ಟೋರೆಂಟನ್ನೂ ತೆರೆಯುವ ಹಡಗುಗಳಿವೆ. ಕುಳಿತು, ಬಡಿಸಿಕೊಂಡು ಉಣ್ಣಬಹುದು, ಹೆಚ್ಚುವರಿ ದುಡ್ಡಿಲ್ಲ. ಇದನ್ನು ಎಲ್ಲೂ ದೊಡ್ಡದಾಗಿ ಬರೆದಿರುವುದಿಲ್ಲವಾದ್ದರಿಂದ ಹಡಗಿನವರು ಕೊಡುವ ದಿನದ ಕಾರ್ಯಕ್ರಮ ಪತ್ರಿಕೆಯಲ್ಲಿ ಅಥವಾ ಆ್ಯಪ್‌ನಲ್ಲಿ ಹುಡುಕಿ. ಈಜುಕೊಳದ ಬಳಿಯ ಚಿಕ್ಕ ತಿಂಡಿ ಕೌಂಟರ್, ಕಾಫಿ ಅಂಗಡಿಯ ಸ್ಯಾಂಡ್‌ವಿಚ್ ಕೂಡ ಆಗುತ್ತದೆ.

ಕ್ಯಾಬಿನ್: ಚೀಲ ಬಿಚ್ಚುವ ಮುನ್ನ ತಪಾಸಣೆ

ಕ್ಯಾಬಿನ್ ಸಿದ್ಧ ಎಂಬ ಪ್ರಕಟಣೆ ಬಂದ ಮೇಲೆ ಹೋಗಿ. ಮುಂಚೆ ಹೋದರೆ ಕಾರಿಡಾರಿನಲ್ಲಿ ಗಾಡಿ ತಳ್ಳುತ್ತಿರುವ ಸಿಬ್ಬಂದಿಗೆ ಅಡ್ಡವಾಗುತ್ತೀರಿ. ಹಿಂದಿನ ಪ್ರಯಾಣಿಕರು ಅದೇ ದಿನ ಬೆಳಿಗ್ಗೆ ಇಳಿದಿರುತ್ತಾರೆ, ಕೆಲವೇ ಗಂಟೆಯಲ್ಲಿ ಇಡೀ ಹಡಗನ್ನು ಮತ್ತೆ ಸಿದ್ಧಗೊಳಿಸುವ ಕೆಲಸ ಅವರದ್ದು.

ಒಳಗೆ ಹೋದೊಡನೆ ಬಾಗಿಲ ಹಿಂದೆ ಅಂಟಿಸಿದ ನಕಾಶೆ ನೋಡಿ. ನಿಮ್ಮ ಕ್ಯಾಬಿನ್, ಹತ್ತಿರದ ಎರಡು ಮೆಟ್ಟಿಲು, ಮಸ್ಟರ್ ಸ್ಟೇಷನ್ ಅದರಲ್ಲಿರುತ್ತವೆ. ಲೈಫ್ ಜಾಕೆಟ್ ಕ್ಯಾಬಿನ್‌ನಲ್ಲೇ ಇರುವ ಹಡಗಾದರೆ ತಲೆಗೊಂದರಂತೆ ಎಣಿಸಿ. ಬಳಿಕ ಒಂದೊಂದೇ ಪರೀಕ್ಷಿಸಿ: ಶವರಿನ ಬಿಸಿನೀರು, ಏಸಿ, ದೀಪಗಳು, ಟಿ.ವಿ., ಲಾಕರ್, ಬಾಲ್ಕನಿ ಬಾಗಿಲಿನ ಚಿಲಕ, ಹಾಸಿಗೆ ನೀವು ಕೇಳಿದಂತೆ ಜೋಡಿಸಿದ್ದಾರೆಯೇ ಎಂಬುದು. ಟಾಯ್ಲೆಟ್ ಒಮ್ಮೆ ಫ್ಲಶ್ ಮಾಡಿ. ದೋಷವಿದ್ದರೆ ಸಂಜೆ 4ರೊಳಗೆ ತಿಳಿಸಿ. ಬೇರೆ ಕ್ಯಾಬಿನ್ ಖಾಲಿ ಇದ್ದರೆ ಬದಲಿಸಿಕೊಡುವುದು ಮೊದಲ ದಿನ ಸುಲಭ.

ಏಸಿ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ತೆರೆದ ಬಾಲ್ಕನಿ ಬಾಗಿಲು. ಹಲವು ಹಡಗುಗಳಲ್ಲಿ ಬಾಗಿಲು ಪೂರ್ತಿ ಮುಚ್ಚಿ ಚಿಲಕ ಹಾಕದ ಹೊರತು ತಣ್ಣನೆಯ ಗಾಳಿ ಬರುವುದಿಲ್ಲ. ದೀಪ ಹತ್ತದಿದ್ದರೆ ಬಾಗಿಲ ಬಳಿಯ ಸೀಳಿಗೆ ಕಾರ್ಡ್ ತೂರಿಸಬೇಕೇನೋ ನೋಡಿ.

ಟಾಯ್ಲೆಟ್ ಬಗ್ಗೆ ಒಂದು ಎಚ್ಚರಿಕೆ. ಹಡಗಿನ ಟಾಯ್ಲೆಟ್‌ಗಳು ನಿರ್ವಾತದ ಸೆಳೆತದಿಂದ ಕೆಲಸ ಮಾಡುತ್ತವೆ, ನೀರು ತೀರ ಕಡಿಮೆ, ಕೊಳವೆ ಸಣ್ಣದು. ಅಲ್ಲಿಯೇ ಇಟ್ಟಿರುವ ಟಾಯ್ಲೆಟ್ ಪೇಪರ್ ಬಿಟ್ಟು ಬೇರೇನನ್ನೂ ಹಾಕಬಾರದು. ಒದ್ದೆ ವೈಪ್ಸ್, ಸ್ಯಾನಿಟರಿ ಪ್ಯಾಡ್, ಹತ್ತಿ ಬಿದ್ದರೆ ನಿಮ್ಮ ಕ್ಯಾಬಿನ್ ಒಂದರದ್ದಲ್ಲ, ಅದೇ ಕೊಳವೆಗೆ ಸೇರಿದ ಅಕ್ಕಪಕ್ಕದ ಹಲವು ಕ್ಯಾಬಿನ್‌ಗಳ ಟಾಯ್ಲೆಟ್ ನಿಂತುಹೋಗುತ್ತದೆ.

ಪಾಸ್‌ಪೋರ್ಟ್, ನಗದು, ಒಡವೆ ಲಾಕರಿನಲ್ಲಿಡಿ. ಸಂಕೇತ ಸಂಖ್ಯೆ ಮನೆಯವರಿಬ್ಬರಿಗೆ ಗೊತ್ತಿರಲಿ. ಬೀಗ ಹಾಕಿ, ಏನನ್ನೂ ಒಳಗಿಡದೆ ಒಮ್ಮೆ ತೆರೆದು ನೋಡಿದ ಮೇಲೆಯೇ ಬೆಲೆಬಾಳುವುದನ್ನು ಇಡಿ. ಕೆಲವು ಮಾರ್ಗಗಳಲ್ಲಿ ಹಡಗಿನವರೇ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಆಗ ಪ್ರತಿ ಮತ್ತು ಫೋನಿನಲ್ಲಿನ ಚಿತ್ರ ನಿಮ್ಮ ಬಳಿ ಇರಬೇಕು.

ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಉಕ್ಕಿನ ಹಾಳೆಯವು. ಅಯಸ್ಕಾಂತದ ಕೊಕ್ಕೆಗಳನ್ನು ತಂದಿದ್ದರೆ ಟೊಪ್ಪಿ, ಒದ್ದೆ ಈಜುಡುಗೆ, ಚೀಟಿಗಳನ್ನು ತೂಗುಹಾಕಲು ಜಾಗವೇ ಜಾಗ. ಖಾಲಿಯಾದ ಪೆಟ್ಟಿಗೆಗಳು ಮಂಚದ ಕೆಳಗೆ ಹೋಗುತ್ತವೆ. ಬಾತ್‌ರೂಮಿನ ಹೊಸ್ತಿಲು ಎತ್ತರವಿರುತ್ತದೆ, ರಾತ್ರಿ ಎಡವುವುದು ಅಲ್ಲೇ. ಬಾಲ್ಕನಿ ಬಾಗಿಲು ಗಾಳಿಗೆ ರಪ್ಪನೆ ಬಡಿದು ಬೆರಳು ಜಜ್ಜುತ್ತದೆ, ಮಕ್ಕಳಿಗೆ ಮೊದಲೇ ಹೇಳಿ. ಬಾಲ್ಕನಿಯಿಂದ ಏನನ್ನೂ ಎಸೆಯಬಾರದು. ಸಿಗರೇಟಿನ ತುಂಡನ್ನಂತೂ ಎಂದಿಗೂ ಬೇಡ, ಅದು ಗಾಳಿಗೆ ಸುತ್ತಿ ಕೆಳಗಿನ ಬಾಲ್ಕನಿಯೊಳಗೆ ಬಂದು ಬೀಳಬಹುದು. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿಲ್ಲ.

ಕ್ಯಾಬಿನ್ ನೋಡಿಕೊಳ್ಳುವ ಸ್ಟೂವರ್ಡ್ ಮೊದಲ ಸಂಜೆಯೊಳಗೆ ಬಂದು ಪರಿಚಯ ಹೇಳುತ್ತಾರೆ. ಹೆಸರು ನೆನಪಿಟ್ಟುಕೊಳ್ಳಿ. ಹೆಚ್ಚುವರಿ ಹ್ಯಾಂಗರ್, ದಿಂಬು, ಮಂಜುಗಡ್ಡೆ, ಔಷಧಿ ಇಡಲು ಮಿನಿಬಾರಿನ ಬಾಟಲಿ ತೆಗೆಸುವುದು, ದಿನಾ ಯಾವ ಹೊತ್ತಿಗೆ ಕ್ಯಾಬಿನ್ ಗುಡಿಸಬೇಕೆಂಬುದು, ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಬಿಡಿ. ಒಬ್ಬ ಸ್ಟೂವರ್ಡ್‌ಗೆ ಹತ್ತಾರು ಕ್ಯಾಬಿನ್ ಇರುತ್ತವೆ, ದಿನಕ್ಕೊಂದರಂತೆ ಕೇಳುವುದಕ್ಕಿಂತ ಇದು ಇಬ್ಬರಿಗೂ ಹಗುರ.

ದಿಕ್ಕು ತಪ್ಪದಂತೆ

ಇಂದಿನ ದೊಡ್ಡ ಹಡಗುಗಳ ಉದ್ದ 300 ಮೀಟರ್ ದಾಟುತ್ತದೆ. 2024ರಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ, 20 ಡೆಕ್. ಇಂಥದ್ದರಲ್ಲಿ ತಪ್ಪಾದ ಮೆಟ್ಟಿಲು ಹತ್ತಿದರೆ ಹತ್ತು ನಿಮಿಷದ ನಡಿಗೆ ದಂಡ.

ಹಡಗಿನ ಮುಂಭಾಗಕ್ಕೆ ಮುಖ ಮಾಡಿ ನಿಂತಾಗ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ಕ್ಯಾಬಿನ್ ಸಂಖ್ಯೆಯ ಮೊದಲ ಒಂದೋ ಎರಡೋ ಅಂಕಿ ಡೆಕ್ ಹೇಳುತ್ತದೆ. ಸಮ ಸಂಖ್ಯೆಗಳು ಒಂದು ಬದಿ, ಬೆಸ ಸಂಖ್ಯೆಗಳು ಇನ್ನೊಂದು ಬದಿ ಎಂಬ ಪದ್ಧತಿ ಹೆಚ್ಚು. ಸಂಖ್ಯೆಗಳು ಹೆಚ್ಚಾಗಿ ಮುಂದಿನಿಂದ ಹಿಂದಕ್ಕೆ ಏರುತ್ತವೆ. ನಿಮ್ಮ ಕ್ಯಾಬಿನ್ನಿಗೆ ಹತ್ತಿರದ್ದು ಮುಂದಿನ ಲಿಫ್ಟೋ, ನಡುವಿನದ್ದೋ, ಹಿಂದಿನದ್ದೋ ಎಂಬುದನ್ನು ಕಂಡುಕೊಂಡರೆ ಅರ್ಧ ಗೊಂದಲ ಮುಗಿಯಿತು. ಎಲ್ಲ ಡೆಕ್‌ಗಳಲ್ಲೂ ತುದಿಯಿಂದ ತುದಿಗೆ ನಡೆಯಲು ಆಗುವುದಿಲ್ಲ. ಅಡುಗೆಮನೆಯೋ ರೆಸ್ಟೋರೆಂಟೋ ನಡುವೆ ಅಡ್ಡ ಬರುತ್ತದೆ. ಆಗ ಒಂದು ಡೆಕ್ ಮೇಲೆ ಹತ್ತಿ, ದಾಟಿ, ಮತ್ತೆ ಇಳಿಯಬೇಕು.

ಹೊಟ್ಟೆ ತೊಳೆಸುವ ಮೊದಲೇ

ಹಡಗಿನ ಓಲಾಟಕ್ಕೆ ವಾಂತಿ ಬರುವವರು ಓಲಾಟ ಶುರುವಾಗುವ ಮುನ್ನವೇ ಔಷಧಿ ತೆಗೆದುಕೊಂಡರೆ ಹೆಚ್ಚು ಪ್ರಯೋಜನ. ಮೆಕ್ಲಿಜಿನ್‌ನಂಥ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕು, ಕಿವಿಯ ಹಿಂದೆ ಹಚ್ಚುವ ಸ್ಕೋಪೊಲಮೈನ್ ಪಟ್ಟಿಯನ್ನು ಕನಿಷ್ಠ 4 ಗಂಟೆ ಮುಂಚೆ. ಎರಡರಿಂದಲೂ ಮಂಪರು ಬರಬಹುದು, ಮದ್ಯದ ಜೊತೆ ಸಲ್ಲದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ಪ್ರವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿರಬೇಕು. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ.

ಓಲಾಟ ಅತಿ ಕಡಿಮೆ ಇರುವುದು ಹಡಗಿನ ನಡುಭಾಗದ ಕೆಳ ಡೆಕ್‌ಗಳಲ್ಲಿ. ಕ್ಯಾಬಿನ್ ಮೇಲೆ, ಮುಂದೆ ಇದ್ದವರು ಹೊಟ್ಟೆ ತೊಳೆಸಿದಾಗ ನಡುಭಾಗಕ್ಕೆ ಇಳಿದು, ತೆರೆದ ಗಾಳಿಯಲ್ಲಿ ನಿಂತು ದಿಗಂತದತ್ತ ದೃಷ್ಟಿ ನೆಟ್ಟರೆ ಸುಧಾರಿಸುತ್ತದೆ. ಕಿವಿ ಅಲುಗಾಟವಿದೆ ಎನ್ನುತ್ತದೆ, ಕ್ಯಾಬಿನ್ ಗೋಡೆ ನೋಡುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳವೇ ವಾಂತಿಯ ಮೂಲ. ದಿಗಂತ ಎರಡನ್ನೂ ಒಪ್ಪಿಸುತ್ತದೆ. ಫೋನು, ಪುಸ್ತಕ ಓದಿದರೆ ಹೆಚ್ಚಾಗುತ್ತದೆ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟು ಊಟವೂ ಬೇಡ.

ವಾಂತಿಯ ಜೊತೆ ಭೇದಿಯೂ ಇದ್ದರೆ ಅದು ಓಲಾಟದ್ದಲ್ಲ. ಕ್ಯಾಬಿನ್‌ನಲ್ಲೇ ಇದ್ದು ಫೋನಿನಲ್ಲಿ ಮೆಡಿಕಲ್ ಸೆಂಟರ್‌ಗೆ ತಿಳಿಸಿ. ಮುಚ್ಚಿಟ್ಟು ಬಫೆಗೆ ಹೋದರೆ ಇಡೀ ಡೆಕ್ಕಿಗೆ ಹಬ್ಬುತ್ತದೆ.

ಹಡಗು ಬಂದರು ಬಿಡುವಾಗ

ಇದೊಂದನ್ನು ಕ್ಯಾಬಿನ್ ಟಿ.ವಿ.ಯಲ್ಲಿ ನೋಡಬೇಡಿ. ಹೊರಡುವ ಅರ್ಧ ಗಂಟೆ ಮುಂಚೆ ಮೇಲಿನ ತೆರೆದ ಡೆಕ್ ಏರಿ, ಬಂದರು ಇರುವ ಬದಿಯ ಕಟಕಟೆ ಹಿಡಿಯಿರಿ. ದಡದ ಜನ ದಪ್ಪನೆಯ ಹಗ್ಗಗಳನ್ನು ಕಳಚುತ್ತಾರೆ. ಥ್ರಸ್ಟರ್‌ಗಳು ನೀರನ್ನು ಕಡೆದು ಅಷ್ಟು ದೊಡ್ಡ ಹಡಗನ್ನು ಅಡ್ಡಡ್ಡಲಾಗಿ ದಡದಿಂದ ದೂಡುತ್ತವೆ. ಬಂದರಿನ ನೀರನ್ನು ಬಲ್ಲ ಪೈಲಟ್ ಒಬ್ಬರು ಕ್ಯಾಪ್ಟನ್ ಜೊತೆ ನಿಂತಿರುತ್ತಾರೆ. ಹೊರಗಿನ ಕಡಲು ಸೇರಿದ ಮೇಲೆ ಚಿಕ್ಕ ದೋಣಿ ಪಕ್ಕಕ್ಕೆ ಬರುತ್ತದೆ, ಚಲಿಸುತ್ತಿರುವ ಹಡಗಿನ ಬದಿಯ ಬಾಗಿಲಿನಿಂದ ಪೈಲಟ್ ಅದಕ್ಕೆ ಇಳಿದು ಹೋಗುತ್ತಾರೆ. ಆ ಇಳಿತ ನೋಡಲು ಇನ್ನೂ ಅರ್ಧ ಗಂಟೆ ನಿಂತರೂ ಸಾರ್ಥಕ. ಆ ಹೊತ್ತಿಗೆ ಬಹಳಷ್ಟು ಜನ ಊಟಕ್ಕೆ ಹೋಗಿರುತ್ತಾರೆ.

ಅಂಗಡಿಗಳು, ಕ್ಯಾಸಿನೊ ಈ ತನಕ ಮುಚ್ಚಿದ್ದರೆ ಆಶ್ಚರ್ಯ ಬೇಡ. ಬಂದರಿನಲ್ಲಿರುವಷ್ಟು ಹೊತ್ತು ಆ ದೇಶದ ಸುಂಕ ಮತ್ತು ಜೂಜಿನ ಕಾನೂನು ಅನ್ವಯಿಸುವುದರಿಂದ, ಹಡಗು ಕಡಲು ಸೇರಿದ ಮೇಲೆಯೇ ಅವು ತೆರೆಯುತ್ತವೆ.

ರಾತ್ರಿ: ಪೆಟ್ಟಿಗೆ, ಬಿಲ್

ಊಟ ಮುಗಿಸಿ ಬರುವಷ್ಟರಲ್ಲಿ ಪೆಟ್ಟಿಗೆ ಬಾಗಿಲ ಬಳಿ ಇರಬೇಕು. ರಾತ್ರಿ 9 ಆದರೂ ಬಾರದಿದ್ದರೆ ಮೊದಲು ಕಾರಿಡಾರಿನಲ್ಲಿ ಅಕ್ಕಪಕ್ಕದ ಬಾಗಿಲು ನೋಡಿ, ಸಂಖ್ಯೆ ತಪ್ಪಿ ಇಟ್ಟಿರುವುದುಂಟು. ಆಮೇಲೆ ಗೆಸ್ಟ್ ಸರ್ವಿಸಸ್. ಎಲ್ಲಕ್ಕಿಂತ ಸಾಮಾನ್ಯ ಕಾರಣ ಭದ್ರತಾ ಸಿಬ್ಬಂದಿ ಅದನ್ನು ತಡೆದಿಟ್ಟಿರುವುದು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿ, ಮದ್ಯದ ಬಾಟಲಿ, ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ ಒಮ್ಮೆಲೇ ಏರಿದಾಗ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ಅವರ ಕೋಣೆಗೆ ಹೋಗುತ್ತದೆ. ನೀವೇ ಹೋಗಿ ಅವರೆದುರು ತೆರೆಯಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಯಾಕೆ ಬೇಡವೆಂದರೆ, ಹಡಗಿನ ವಿದ್ಯುತ್ ಜಾಲದ ಅರ್ಥಿಂಗ್ ಮನೆಯದ್ದರಂತಿರುವುದಿಲ್ಲ. ಮನೆಗಾಗಿ ಮಾಡಿದ ಸರ್ಜ್ ಪ್ರೊಟೆಕ್ಟರ್ ಅಲ್ಲಿ ಕಾದು ಬೆಂಕಿ ಹಿಡಿಯಬಹುದು. ಸರ್ಜ್ ಪ್ರೊಟೆಕ್ಟರ್ ಇಲ್ಲದ ಯುಎಸ್‌ಬಿ ಚಾರ್ಜರ್ ಒಯ್ಯಿರಿ.

ಮಲಗುವ ಮುನ್ನ ಆ್ಯಪ್‌ನಲ್ಲಿ ಅಥವಾ ಟಿ.ವಿ.ಯಲ್ಲಿ ನಿಮ್ಮ ಖಾತೆ ತೆರೆದು ನೋಡಿ. ಸೇವಾ ಸಿಬ್ಬಂದಿಯ ಟಿಪ್ಸ್ ದಿನಕ್ಕಿಷ್ಟೆಂದು ತಲೆಲೆಕ್ಕದಲ್ಲಿ ತಾನಾಗಿ ಸೇರುತ್ತದೆ. ಪಾನೀಯಗಳ ಮೇಲೆ ಸೇವಾ ಶುಲ್ಕ ಬೇರೆ, ಅದು ಹಲವು ಕಂಪನಿಗಳಲ್ಲಿ ಶೇ. 18ರಿಂದ 20. ಹಾಗಾಗಿ ಬಾರಿನ ರಸೀದಿಯಲ್ಲಿ ಟಿಪ್ಸ್ ಎಂದು ಖಾಲಿ ಬಿಟ್ಟ ಗೆರೆಯಲ್ಲಿ ಮತ್ತೆ ಬರೆಯುವ ಮುನ್ನ ಯೋಚಿಸಿ. ಕೊಂಡ ಪ್ಯಾಕೇಜ್ ಖಾತೆಗೆ ಸೇರಿಲ್ಲದಿದ್ದರೆ, ಬೇರೆಯವರ ಖರ್ಚು ನಿಮ್ಮ ಲೆಕ್ಕಕ್ಕೆ ಬಿದ್ದಿದ್ದರೆ ಮರುದಿನ ಬೆಳಿಗ್ಗೆ ಬೇಗ ಕೌಂಟರಿಗೆ ಹೋಗಿ. ಆಗ ಸಾಲು ಚಿಕ್ಕದು. ಕೊನೆಯ ದಿನಕ್ಕೆ ಬಿಟ್ಟವರು ಇಳಿಯುವ ಗಡಿಬಿಡಿಯಲ್ಲಿ ನೂರಾರು ಜನರ ಹಿಂದೆ ನಿಲ್ಲಬೇಕಾಗುತ್ತದೆ.